ಆಕಾಶ ಕಾಯೋಕೆ ಯಾವ ಹಡಗು? ಫೋರ್ಬ್ಯಾಂ, ಅಲ್ಸಾಸ್, ರೊನಾರ್ಕ್ ಮತ್ತು ಹಳೇ ಕಸಾರ್

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ದಡದ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಚಪಲ್ ನೋಡಿರುತ್ತೀರಿ. ಪುಟ್ಟ ಹಡಗು. ಎರಡೂ ಬದಿಗೆ ಕ್ಷಿಪಣಿ ಇಡುವ ದಪ್ಪ ಡಬ್ಬಗಳು. ಹೋದ ವರ್ಷ ನನ್ನ ಅಕ್ಕನ ಮಗ ಅದರ ಡೆಕ್ ಮೇಲೆ ನಿಂತು ಒಂದು ಪ್ರಶ್ನೆ ಕೇಳಿದ. "ಮಾಮಾ, ಇಷ್ಟು ಚಿಕ್ಕದು ದೊಡ್ಡ ಹಡಗನ್ನ ಮುಳುಗಿಸತ್ತೆ ಅಂದ್ರೆ, ದೊಡ್ಡದು ಸುಮ್ನೆ ನೋಡ್ತಾ ಇರತ್ತಾ?"

ಒಂದು ಕಾಲದಲ್ಲಿ ಹೆಚ್ಚುಕಮ್ಮಿ ಸುಮ್ಮನೆ ನೋಡುತ್ತಲೇ ಇತ್ತು. 1967ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ಐಲಾತ್ ಎಂಬ ಹಡಗನ್ನು ಇಂಥದೇ ಪುಟ್ಟ ದೋಣಿಗಳು ಸ್ಟಿಕ್ಸ್ ಕ್ಷಿಪಣಿ ಹೊಡೆದು ಮುಳುಗಿಸಿದವು. 1971ರ ಡಿಸೆಂಬರ್‌ನಲ್ಲಿ ನಮ್ಮವರು ಅದೇ ಕ್ಷಿಪಣಿಯನ್ನು ಕರಾಚಿಯ ಹತ್ತಿರ ಹಾರಿಸಿದರು. ಆಮೇಲೆ ದೊಡ್ಡ ನೌಕಾಪಡೆಗಳಿಗೆಲ್ಲ ನಿದ್ದೆ ಹಾರಿಹೋಯಿತು. ಆಕಾಶ ಕಾಯುವುದನ್ನೇ ಮುಖ್ಯ ಕೆಲಸ ಮಾಡಿಕೊಂಡ ಹಡಗುಗಳಿಗೆ ಬೆಲೆ ಬಂತು.

ಹುಡುಗನಿಗೆ ಶಾಲೆಯಲ್ಲಿ ರಟ್ಟಿನ ಮಾದರಿ ಮಾಡಬೇಕಿತ್ತು. ಅಂಥ ಒಂದು ಹಡಗನ್ನೇ ಮಾಡುತ್ತೇನೆ ಅಂತ ಹಟ ಹಿಡಿದ. ಯಾವುದು? ನಾನು ಫ್ರಾನ್ಸ್ ಕಡೆ ಕೈ ತೋರಿಸಿದೆ. ಅದಕ್ಕೆ ಕಾರಣ ಇದೆ. ಕಳೆದ ನಲವತ್ತು ವರ್ಷದಲ್ಲಿ ಫ್ರೆಂಚರು ಈ ಒಂದೇ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಇನ್ನೊಂದು, ಹಡಗು ಸುಡುವ ಕ್ಷಿಪಣಿಗಳಲ್ಲಿ ಅತಿ ಹೆಸರುವಾಸಿಯಾದ ಎಕ್ಸೊಸೆಟ್ ಅವರದೇ. 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಶೆಫೀಲ್ಡ್ ಹಡಗಿಗೆ ಬಡಿದದ್ದು ಅದೇ. ಬೀಗ ಒಡೆಯೋದು ಗೊತ್ತಿರುವವನು ಬೀಗ ಮಾಡಿದರೆ ಹೇಗಿರುತ್ತೆ ಅಂತ ನೋಡುವ ಕುತೂಹಲ, ಅಷ್ಟೇ.

ಆಯ್ಕೆಗೆ ಇರುವುದು ನಾಲ್ಕು. ನಿವೃತ್ತಿಯಾದ ಕಸಾರ್ ಜೋಡಿ. ಹೊರೈಜನ್ ಜೋಡಿ, ಅಂದರೆ ಫೋರ್ಬ್ಯಾಂ ಮತ್ತು ಶೆವಾಲಿಯೆ ಪೋಲ್. ಫ್ರೆಮ್ ಎಂಬ ಹಡಗು ಕುಟುಂಬದಲ್ಲಿ ಆಕಾಶ ಕಾಯಲೆಂದೇ ಮಾಡಿದ ಅಲ್ಸಾಸ್ ಮತ್ತು ಲೊರೇನ್. ಕೊನೆಗೆ ಹೊಸಬ, ಅಮಿರಾಲ್ ರೊನಾರ್ಕ್.

ಒಂದು ಗೊಂದಲ ಮೊದಲೇ ಬಗೆಹರಿಸಿಬಿಡೋಣ. ಫ್ರೆಂಚರು ಇವೆಲ್ಲವನ್ನೂ ಫ್ರಿಗೇಟ್, ಅಂದರೆ ನಡುಗಾತ್ರದ ಯುದ್ಧನೌಕೆ ಅಂತಲೇ ಕರೆಯುತ್ತಾರೆ. ಆದರೆ ಮೈಮೇಲೆ ಬರೆದ ನಂಬರ್ ಡಿ ಅಕ್ಷರದಿಂದ ಶುರುವಾಗುತ್ತದೆ, ಫೋರ್ಬ್ಯಾಂ ಡಿ620, ಅಲ್ಸಾಸ್ ಡಿ656. ಬೇರೆ ದೇಶದವರ ಲೆಕ್ಕದಲ್ಲಿ ಡಿ ಅಂದರೆ ಡಿಸ್ಟ್ರಾಯರ್, ಸಾಮಾನ್ಯವಾಗಿ ಫ್ರಿಗೇಟಿಗಿಂತ ದೊಡ್ಡದು. ಹಾಗಾಗಿ ಒಂದೇ ಹಡಗು ಒಂದು ಕಡೆ ಫ್ರಿಗೇಟ್, ಇನ್ನೊಂದು ಕಡೆ ಡಿಸ್ಟ್ರಾಯರ್ ಅಂತ ಓದಲು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸರಿ.

ಮೊದಲು ಆ 37 ಸೆಕೆಂಡ್

ಹಡಗುಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕ್ಷಿಪಣಿ ಇದೆ ಅಂತ. ಕಾರವಾರದ ಹೋಟೆಲಿನಲ್ಲಿ ಮೀನೂಟ ಬರುವ ತನಕ ಹುಡುಗನ ಜೊತೆ ನಾನು ಬೇರೆಯದೇ ಲೆಕ್ಕ ಹಾಕಿದೆ. ಬಿಲ್ಲಿನ ಹಿಂಭಾಗವೇ ಸ್ಲೇಟು.

ಭೂಮಿ ಗುಂಡಗಿದೆ. ರಾಡಾರ್ ನೋಟ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಹಾಗಾಗಿ ನೀರಿಗೆ ತಾಗುವಷ್ಟು ಕೆಳಗೆ ಬರುವ ಕ್ಷಿಪಣಿ, ದಿಗಂತ ದಾಟಿ ಈಚೆ ಬರುವ ತನಕ ಹಡಗಿನ ರಾಡಾರಿಗೆ ಕಾಣುವುದೇ ಇಲ್ಲ. ಎಷ್ಟು ದೂರದಲ್ಲಿ ಕಾಣುತ್ತೆ ಅನ್ನುವುದಕ್ಕೆ ಸುಲಭ ಸೂತ್ರ ಇದೆ. ರಾಡಾರಿನ ಎತ್ತರದ ವರ್ಗಮೂಲ, ಕ್ಷಿಪಣಿಯ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿ, ಉತ್ತರ ಕಿಲೋಮೀಟರಿನಲ್ಲಿ.

ರಾಡಾರ್ 30 ಮೀಟರ್ ಮೇಲಿದೆ, ಕ್ಷಿಪಣಿ 5 ಮೀಟರ್ ಎತ್ತರದಲ್ಲಿ ಬರುತ್ತಿದೆ ಅಂದುಕೊಳ್ಳಿ. ಉತ್ತರ ಸುಮಾರು 32 ಕಿಲೋಮೀಟರ್. ಶಬ್ದಕ್ಕಿಂತ ಸ್ವಲ್ಪ ನಿಧಾನವಾದ ಕ್ಷಿಪಣಿ ಇಷ್ಟು ದೂರಕ್ಕೆ ನೂರು ಸೆಕೆಂಡ್ ಚಿಲ್ಲರೆ ತೆಗೆದುಕೊಳ್ಳುತ್ತದೆ. ಶಬ್ದದ ಎರಡೂವರೆ ಪಟ್ಟು ವೇಗದ್ದಾದರೆ 37 ಸೆಕೆಂಡ್. ಅಷ್ಟರಲ್ಲಿ ನೋಡಬೇಕು, ಶತ್ರುವೇ ಅಂತ ಖಚಿತ ಮಾಡಿಕೊಳ್ಳಬೇಕು, ತನ್ನ ಕ್ಷಿಪಣಿ ಬಿಡಬೇಕು, ಅದು ಹೋಗಿ ಹೊಡೆಯಬೇಕು. ಮೊದಲನೆಯದು ತಪ್ಪಿದರೆ ಇನ್ನೊಂದಕ್ಕೆ ಸಮಯ ಉಳಿದಿರಬೇಕು.

ಈಗ ರಾಡಾರನ್ನು 20 ಮೀಟರಿಗೆ ಇಳಿಸಿ. ದೂರ 28 ಕಿಲೋಮೀಟರಿಗೂ ಕಡಿಮೆ, ಸಮಯ 32 ಸೆಕೆಂಡ್. ಹತ್ತು ಮೀಟರ್ ಕಂಬಕ್ಕೆ ಐದು ಸೆಕೆಂಡ್. "ಐದು ಸೆಕೆಂಡ್ ಏನ್ ಮಹಾ" ಅಂದ ಹುಡುಗ. ಒಂದರಿಂದ ಐದರ ತನಕ ನಿಧಾನವಾಗಿ ಎಣಿಸು ಅಂದೆ. ಎಣಿಸಿದ. ಆಮೇಲೆ ಸುಮ್ಮನಾದ.

ಈ ಥರದ ಹಡಗುಗಳ ಮೂತಿ ಯಾಕೆ ಹೀಗೆ ವಿಚಿತ್ರ, ಯಾಕೆ ಅಷ್ಟೆತ್ತರದ ಗೋಪುರ, ಅದರ ತುದಿಗೆ ಯಾಕೆ ರಾಡಾರ್ ಅನ್ನುವುದಕ್ಕೆಲ್ಲ ಉತ್ತರ ಆ ಬಿಲ್ಲಿನ ಹಿಂದೆ ಇದೆ.

ಕಸಾರ್: ಟಾರ್ಚ್ ಹಿಡಿದು ಏಡಿ ಹಿಡಿದ ಹಾಗೆ

ಕಸಾರ್ 1988ರಲ್ಲಿ ಸೇವೆಗೆ ಬಂತು. ಅದರ ಜೋಡಿ ಜಾಂ ಬಾರ್ 1991ರಲ್ಲಿ. 139 ಮೀಟರ್ ಉದ್ದ, ತುಂಬಿದಾಗ 5,000 ಟನ್ ಆಸುಪಾಸು ತೂಕ, ಸುಮಾರು 240 ಜನ. ನಾಲ್ಕು ಕಟ್ಟುವ ಯೋಚನೆ ಇತ್ತು, ಎರಡಕ್ಕೇ ನಿಂತಿತು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇದರ ಮುಖ್ಯ ಆಯುಧ ಅಮೆರಿಕದ ಎಸ್‌ಎಂ-1 ಕ್ಷಿಪಣಿ. ಅದನ್ನು ಹಾರಿಸುವ ಯಂತ್ರಕ್ಕೆ ಒಂದೇ ಒಂದು ತೋಳು. ಡೆಕ್ಕಿನ ಕೆಳಗೆ ದೊಡ್ಡ ಡ್ರಮ್ಮಿನಲ್ಲಿ 40 ಕ್ಷಿಪಣಿ ನಿಂತಿರುತ್ತವೆ. ತೋಳು ನೆಟ್ಟಗೆ ಮೇಲೆದ್ದು ನಿಲ್ಲುತ್ತದೆ, ಕೆಳಗಿನಿಂದ ಒಂದು ಕ್ಷಿಪಣಿ ಅದಕ್ಕೆ ಏರುತ್ತದೆ, ತೋಳು ತಿರುಗಿ ಬಾಗಿ ಗುರಿ ಹಿಡಿದು ಬಿಡುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಈ ಯಂತ್ರಗಳು ಹೊಸವೂ ಅಲ್ಲ. ಹಳೆಯ ಹಡಗುಗಳಿಂದ ಬಿಚ್ಚಿ ತಂದು ಕೂರಿಸಿದವು. ಹಳೇ ಮನೆಯ ತೇಗದ ಬಾಗಿಲು ಹೊಸ ಮನೆಗೆ ಹಾಕಿದ ಹಾಗೆ. ಜಿಪುಣತನ ಅಂತ ಕೆಲವರು ಹೇಳಬಹುದು. ನನಗೆ ಅದು ಒಳ್ಳೆ ಮನೆವಾರ್ತೆಯಾಗಿ ಕಾಣುತ್ತದೆ.

ಕೊರತೆ ಬೇರೆ ಕಡೆ ಇತ್ತು. ಎಸ್‌ಎಂ-1ಗೆ ಸ್ವಂತ ಕಣ್ಣು ಅರ್ಧ ಮಾತ್ರ. ಹಡಗು ಶತ್ರುವಿನ ಮೇಲೆ ರಾಡಾರ್ ಕಿರಣ ಬಿಟ್ಟು ಹಿಡಿದಿರಬೇಕು, ಅಲ್ಲಿಂದ ಮರಳಿದ ಬೆಳಕಿನ ಜಾಡು ಹಿಡಿದು ಕ್ಷಿಪಣಿ ಹೋಗುತ್ತದೆ. ಮಳೆಗಾಲದ ರಾತ್ರಿ ಏಡಿ ಹಿಡಿಯಲು ಹೋದವರಿಗೆ ಇದು ಗೊತ್ತು. ಒಬ್ಬ ಟಾರ್ಚ್ ಹಿಡಿದು ಅಲುಗಾಡದೆ ನಿಲ್ಲಬೇಕು, ಇನ್ನೊಬ್ಬ ಕೈ ಹಾಕಬೇಕು. ಎರಡು ಟಾರ್ಚ್ ಇದ್ದರೆ ಒಂದು ಹೊತ್ತಿಗೆ ಎರಡೇ ಏಡಿ. ಕಸಾರ್‌ಗೆ ಇದ್ದದ್ದು ಎರಡೇ ಟಾರ್ಚ್. ಡ್ರಮ್ಮಿನಲ್ಲಿ ನಲವತ್ತು ಕ್ಷಿಪಣಿ ಇದ್ದರೂ, ನಾಲ್ಕು ದಿಕ್ಕಿನಿಂದ ಒಟ್ಟಿಗೇ ಬಂದರೆ ಎರಡು ಗುರಿಗೆ ಮಾತ್ರ ಉತ್ತರ.

ಹಾಗಂತ ಇವು ಮೂಲೆಯಲ್ಲಿ ಕೂತ ಹಡಗುಗಳಲ್ಲ. 2011ರ ಮಾರ್ಚ್‌ನಲ್ಲಿ ಲಿಬಿಯಾ ಮೇಲೆ ಫ್ರಾನ್ಸ್ ಕಾರ್ಯಾಚರಣೆ ಶುರು ಮಾಡಿದಾಗ ಜಾಂ ಬಾರ್ ಆ ಕಡಲಲ್ಲಿತ್ತು. 2018ರ ಏಪ್ರಿಲ್‌ನಲ್ಲಿ ಸಿರಿಯಾದ ಮೇಲೆ ಫ್ರೆಂಚ್ ಹಡಗಿನಿಂದ ಮೊದಲ ಬಾರಿಗೆ ಕ್ರೂಸ್ ಕ್ಷಿಪಣಿ ಹಾರಿದಾಗ, ಆ ಗುಂಪಿನ ತಲೆ ಕಾಯುತ್ತಿದ್ದ ಹಡಗು ಮೂವತ್ತು ವರ್ಷ ಹಳೆಯ ಕಸಾರ್. ಮರುವರ್ಷ ಅದರ ಸೇವೆ ಮುಗಿಯಿತು. ಜಾಂ ಬಾರ್ 2021ರಲ್ಲಿ.

ಫೋರ್ಬ್ಯಾಂ: ಮೂರು ಮನೆಯವರು ಸೇರಿ ಒಂದು ನಕ್ಷೆ

ಇನ್ನು ನನ್ನ ಅಚ್ಚುಮೆಚ್ಚಿನದು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹೊರೈಜನ್ ಅನ್ನುವುದು ಬ್ರಿಟನ್, ಫ್ರಾನ್ಸ್, ಇಟಲಿ ಸೇರಿ ಶುರು ಮಾಡಿದ ಯೋಜನೆ. ಮೂವರಿಗೂ ಆಕಾಶ ಕಾಯುವ ಹಡಗು ಬೇಕಿತ್ತು. ಆದರೆ ಯಾರನ್ನು ಕಾಯಬೇಕು ಅನ್ನುವುದರಲ್ಲಿ ಒಮ್ಮತ ಇರಲಿಲ್ಲ. ಬ್ರಿಟಿಷರಿಗೆ ವಿಶಾಲ ಕಡಲಿನಲ್ಲಿ ಚದುರಿದ ಹಡಗುಗಳ ದೊಡ್ಡ ಗುಂಪನ್ನು ಕಾಯಬೇಕು. ಫ್ರೆಂಚರಿಗೆ ಮುಖ್ಯವಾಗಿ ತಮ್ಮ ವಿಮಾನವಾಹಕ ಹಡಗು. ಇಟಲಿಯವರಿಗೆ ಮೆಡಿಟರೇನಿಯನ್, ಅಲ್ಲಿ ದಡದಿಂದಲೇ ಸ್ವಂತ ವಿಮಾನಗಳ ಬೆಂಬಲ ಸಿಗುತ್ತದೆ. ಮೂವರು ಅಣ್ಣತಮ್ಮಂದಿರು ಒಂದೇ ನಕ್ಷೆಯಲ್ಲಿ ಮನೆ ಕಟ್ಟಲು ಹೊರಟ ಹಾಗಾಯಿತು. 1999ರಲ್ಲಿ ಬ್ರಿಟಿಷರು ಎದ್ದು ಹೋದರು, ಟೈಪ್ 45 ಅಂತ ತಮ್ಮದೇ ಹಡಗು ಕಟ್ಟಿಕೊಂಡರು. ಉಳಿದಿಬ್ಬರು ತಲಾ ಎರಡು ಹಡಗಿಗೆ ಒಪ್ಪಿದರು. ಇಟಲಿಯವು ಆಂಡ್ರಿಯಾ ಡೋರಿಯಾ ಮತ್ತು ಕಾಯೊ ದುಯಿಲಿಯೊ.

ಫ್ರೆಂಚ್ ಜೋಡಿ ಹುಟ್ಟಿದ್ದು ಲೋರಿಯಾಂ ಹಡಗುಕಟ್ಟೆಯಲ್ಲಿ. ಫೋರ್ಬ್ಯಾಂ 2005ರಲ್ಲಿ ನೀರಿಗಿಳಿಯಿತು, ಶೆವಾಲಿಯೆ ಪೋಲ್ 2006ರಲ್ಲಿ. ಎರಡರ ಮನೆಯೂ ತುಲೋಂ ಬಂದರು, ವಿಮಾನವಾಹಕ ಚಾರ್ಲ್ಸ್ ದ ಗಾಲ್‌ನ ಮನೆ ಕೂಡ ಅದೇ. ಉದ್ದ ಸುಮಾರು 153 ಮೀಟರ್, ತೂಕ 7,000 ಟನ್ ದಾಟುತ್ತದೆ. ವೇಗ 29 ನಾಟ್, ಅಂದರೆ ಗಂಟೆಗೆ ಸುಮಾರು 54 ಕಿಲೋಮೀಟರ್. ಚಾರ್ಲ್ಸ್ ದ ಗಾಲ್ 27 ನಾಟ್ ಓಡುತ್ತದೆ. ಕಾವಲುಗಾರ ಯಜಮಾನನಿಗಿಂತ ಸ್ವಲ್ಪ ಚುರುಕಾಗಿರಬೇಕು, ಅಲ್ವಾ?

ಮುಂಭಾಗದ ಡೆಕ್ಕಿನಲ್ಲಿ 48 ಗುಂಡಿಗಳಿವೆ, ಒಂದೊಂದರಲ್ಲಿ ಒಂದು ಕ್ಷಿಪಣಿ ನೆಟ್ಟಗೆ ನಿಂತಿರುತ್ತದೆ. ಇನ್ನೂ 16ಕ್ಕೆ ಆಗುವಷ್ಟು ಜಾಗ ಬಿಟ್ಟೇ ಕಟ್ಟಿದ್ದಾರೆ. ತಿರುಗುವ ತೋಳಿಲ್ಲ, ಏರಿಸುವ ರಗಳೆ ಇಲ್ಲ. ಕ್ಷಿಪಣಿಯ ಹೆಸರು ಆಸ್ಟರ್. ಆಸ್ಟರ್ 15 ಸುಮಾರು 30 ಕಿಲೋಮೀಟರ್ ದೂರದ್ದು, ಆಸ್ಟರ್ 30 ನೂರು ದಾಟುತ್ತದೆ. ಎರಡರ ಮುಂಭಾಗ ಒಂದೇ, ಹಿಂದಿನಿಂದ ತಳ್ಳುವ ಬೂಸ್ಟರ್ ಮಾತ್ರ ಚಿಕ್ಕದು ದೊಡ್ಡದು. ಇದಕ್ಕೆ ಟಾರ್ಚ್ ಹಿಡಿಯುವವರು ಬೇಡ, ತಲೆಗೇ ದೀಪ ಕಟ್ಟಿಕೊಂಡು ಹೋಗುತ್ತದೆ. ಹತ್ತಿರ ಹೋದ ಮೇಲೆ ತನ್ನ ರಾಡಾರಿನಲ್ಲಿ ತಾನೇ ಗುರಿ ಹುಡುಕುತ್ತದೆ. ಕೊನೆ ಗಳಿಗೆಯಲ್ಲಿ ಗುರಿ ಪಕ್ಕಕ್ಕೆ ವಾಲಿದರೆ, ಮೈಯ ನಡುವಿನಿಂದ ಬಿಸಿ ಅನಿಲ ಚಿಮ್ಮಿಸಿ ತಾನೂ ಅಡ್ಡ ಜಿಗಿಯುತ್ತದೆ. ಕಬಡ್ಡಿಯಲ್ಲಿ ಒಳ್ಳೆ ರೈಡರ್ ಸೊಂಟ ತಿರುಗಿಸಿ ಜಿಗಿಯುವುದಿಲ್ಲವೇ, ಹಾಗೆ.

ಆದರೆ ಫೋರ್ಬ್ಯಾಂ ಬೇರೆಯಾಗುವುದು ಕ್ಷಿಪಣಿಯಿಂದಲ್ಲ, ಕಣ್ಣಿನಿಂದ. ಅದಕ್ಕೆ ಎರಡು ಜೋಡಿ ಕಣ್ಣು. ಮುಂದಿನ ಗೋಪುರದ ತುದಿಯ ಗುಂಡಗಿನ ಗುಮ್ಮಟದೊಳಗೆ ಎಂಪಾರ್ ಎಂಬ ರಾಡಾರ್ ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಹತ್ತಿರದ, ವೇಗದ, ನೀರಿಗೆ ತಾಗಿ ಬರುವ ಅಪಾಯಗಳನ್ನು ಹಿಡಿದು ಆಸ್ಟರಿಗೆ ದಾರಿ ಹೇಳುವುದು ಇದರ ಕೆಲಸ. ಹಿಂದೆ ಕಪ್ಪು ಹಲಗೆಯಂಥ ದೊಡ್ಡ ಎಸ್1850ಎಂ ನಿಧಾನಕ್ಕೆ, ಐದು ಸೆಕೆಂಡಿಗೊಂದು ಸುತ್ತು ತಿರುಗುತ್ತದೆ. ಅದು ಸುಮಾರು 400 ಕಿಲೋಮೀಟರ್ ತನಕದ ಆಕಾಶದ ಪೂರ್ತಿ ಚಿತ್ರ ಕೊಡುತ್ತದೆ. ಊರ ಜಾತ್ರೆಯಲ್ಲಿ ಜೇಬುಗಳ್ಳರ ಮೇಲೆ ಕಣ್ಣಿಡುವ ಪೇದೆ ಒಬ್ಬ, ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ಇಡೀ ಜನಜಂಗುಳಿ ನೋಡುವ ಇನ್ಸ್‌ಪೆಕ್ಟರ್ ಒಬ್ಬ. ವಿಮಾನವಾಹಕದ ಜೊತೆ ಹೋದಾಗ ಇಡೀ ಗುಂಪಿನ ಆಕಾಶ ರಕ್ಷಣೆಯನ್ನು ಹೊಂದಿಸುವ ಕೆಲಸ ಇದರದೇ. ಸ್ವಂತ ಕ್ಷಿಪಣಿ ಬಿಡುವುದಷ್ಟೇ ಅಲ್ಲ, ಯಾವ ಫೈಟರ್ ವಿಮಾನ ಎತ್ತ ಹೋಗಬೇಕು ಅನ್ನುವುದನ್ನೂ ಇಲ್ಲಿಂದ ಹೇಳಬಹುದು.

2012ರ ಏಪ್ರಿಲ್‌ನಲ್ಲಿ ಈ ಹಡಗಿಗೆ ನಿಜವಾದ ಪರೀಕ್ಷೆ ಬಂತು. ಫ್ರಾನ್ಸಿನ ದಕ್ಷಿಣ ಕರಾವಳಿಯ ಹತ್ತಿರ, ಇಲ್ ದ್ಯು ಲೆವಾಂ ದ್ವೀಪದ ಬಳಿ, ಕೊಯೋಟೆ ಎಂಬ ಅಮೆರಿಕದ ಗುರಿ-ಕ್ಷಿಪಣಿಯನ್ನು ಅದರ ಮೇಲೆ ಬಿಟ್ಟರು. ಶಬ್ದದ ಎರಡೂವರೆ ಪಟ್ಟು ವೇಗ, ಅಲೆಗಳಿಂದ ಕೆಲವೇ ಮೀಟರ್ ಮೇಲೆ. ನಮ್ಮ ಬಿಲ್ಲಿನ ಲೆಕ್ಕವೇ ಅಲ್ಲಿ ನಡೆದದ್ದು. ಫೋರ್ಬ್ಯಾಂ ಆಸ್ಟರ್ 30 ಬಿಟ್ಟು ಅದನ್ನು ಹೊಡೆದುರುಳಿಸಿತು.

ಈಗ ಕೊರತೆ. ಒಂದು, ನೀರಿನ ಕೆಳಗೆ ಇದರ ಕಿವಿ ಅಷ್ಟು ಚುರುಕಲ್ಲ. ಹಡಗಿನ ತಳದಲ್ಲಿ ಶಬ್ದದ ಮೂಲಕ ನೀರೊಳಗೆ ಹುಡುಕುವ ಸೋನಾರ್ ಇದೆ, ಟಾರ್ಪೆಡೊ ಇದೆ, ಹೆಲಿಕಾಪ್ಟರ್ ಇದೆ. ಆದರೆ ಹಿಂದೆ ಉದ್ದಕ್ಕೆ ಎಳೆದುಕೊಂಡು ಹೋಗುವ ಸೋನಾರ್ ಇಲ್ಲ. ಜಲಾಂತರ್ಗಾಮಿ ಹುಡುಕಲು ಜೊತೆಗೆ ಇನ್ನೊಬ್ಬರು ಬೇಕೇ ಬೇಕು. ಎರಡು, ದುಬಾರಿ. ಫ್ರಾನ್ಸಿಗೆ ನಾಲ್ಕು ಬೇಕಿತ್ತು, ಕಟ್ಟಿದ್ದು ಎರಡು. ಮತ್ತೆ ಕಸಾರ್ ಕತೆ. ಎರಡೇ ಇದ್ದರೆ ಒಂದು ರಿಪೇರಿಗೆ ಹೋದಾಗ ಉಳಿಯುವುದು ಒಂದೇ. ನೌಕಾಪಡೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ದೋಷ ಇಲ್ಲ ಅಂತ ನನ್ನ ಅನಿಸಿಕೆ.

ನಮ್ಮ ಕಡಲಿಗೂ ಇವು ಹೊಸಬರಲ್ಲ. 2019ರ ಮೇ ತಿಂಗಳಲ್ಲಿ ಗೋವಾ ಹತ್ತಿರ ನಡೆದ ವರುಣ ಸಮರಾಭ್ಯಾಸಕ್ಕೆ ಚಾರ್ಲ್ಸ್ ದ ಗಾಲ್ ಜೊತೆ ಫೋರ್ಬ್ಯಾಂ ಬಂದಿತ್ತು. ನಮ್ಮ ಕಡೆಯಿಂದ ಐಎನ್‌ಎಸ್ ವಿಕ್ರಮಾದಿತ್ಯ, ಅದರ ತವರು ಕಾರವಾರವೇ. 2021ರ ಏಪ್ರಿಲ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಶೆವಾಲಿಯೆ ಪೋಲ್ ನಮ್ಮ ಐಎನ್‌ಎಸ್ ಕೋಲ್ಕತಾ ಜೊತೆ ಅಭ್ಯಾಸ ಮಾಡಿತು. ಆ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಜಾ ಇದೆ. ಕೋಲ್ಕತಾದಲ್ಲಿ 32 ಬರಾಕ್-8 ಕ್ಷಿಪಣಿ. ಆದರೆ ಮುಖ್ಯ ರಾಡಾರ್ ತಿರುಗುವುದೇ ಇಲ್ಲ, ನಾಲ್ಕು ದಿಕ್ಕಿಗೆ ನಾಲ್ಕು ಫಲಕ, ಎಲ್ಲ ಕಡೆ ಒಟ್ಟಿಗೇ ನೋಟ. ಎಣಿಕೆಯಲ್ಲಿ ಶೆವಾಲಿಯೆ ಪೋಲ್ ಮುಂದು. ಕಣ್ಣಿನ ಜಾತಿಯಲ್ಲಿ ನಮ್ಮದು ಒಂದು ತಲೆಮಾರು ಮುಂದು.

ಅಲ್ಸಾಸ್: ಎಲ್ಲ ಕೆಲಸಕ್ಕೂ ಬರುವ ಮಗ

ಹೊರೈಜನ್ ಮೂರು ಮತ್ತು ನಾಲ್ಕು ಬರಲಿಲ್ಲ. ಅವುಗಳ ಜಾಗಕ್ಕೆ ಬಂದದ್ದು ಅಲ್ಸಾಸ್ ಮತ್ತು ಲೊರೇನ್. ಅಲ್ಸಾಸ್ 2021ರಲ್ಲಿ, ಲೊರೇನ್ 2022ರಲ್ಲಿ ನೌಕಾಪಡೆಯ ಕೈ ಸೇರಿದವು. ಜಲಾಂತರ್ಗಾಮಿ ಬೇಟೆಗೆ ಮಾಡಿದ ಫ್ರೆಮ್ ಹಡಗಿನ ಮೈಯನ್ನೇ ಇಟ್ಟುಕೊಂಡು, ನೆಲದ ಮೇಲೆ ಬಡಿಯುವ ಕ್ರೂಸ್ ಕ್ಷಿಪಣಿಯ ಗುಂಡಿಗಳನ್ನು ತೆಗೆದು, ಆ ಜಾಗಕ್ಕೂ ಆಸ್ಟರ್ ಹಾಕಿದರು. ಒಟ್ಟು 32. ರಾಡಾರ್ ಒಂದೇ, ಹೆರಾಕ್ಲೆಸ್, ಸ್ವಲ್ಪ ಬಲ ಹೆಚ್ಚಿಸಿದ್ದು. ಫೋರ್ಬ್ಯಾಂನ ಆ ಕಪ್ಪು ಹಲಗೆ ಇದಕ್ಕಿಲ್ಲ. 76 ಮಿಲಿಮೀಟರ್ ತೋಪು ಅಲ್ಲಿ ಎರಡು, ಇಲ್ಲಿ ಒಂದು.

ಕಾಗದದ ಮೇಲೆ ಎಲ್ಲದರಲ್ಲೂ ಒಂದು ಕೈ ಕಡಿಮೆ. ಆದರೂ ನಾನು ಮೊದಲು ಅಂದುಕೊಂಡಿದ್ದಕ್ಕಿಂತ ಇದು ತುಂಬಾ ಜಾಣ ಹಡಗು. ಹಿಂದೆ ಎಳೆದುಕೊಂಡು ಹೋಗುವ ಕಪ್ಟಾಸ್-4 ಸೋನಾರನ್ನು ಹಾಗೇ ಉಳಿಸಿಕೊಂಡಿದೆ. ಅಂದರೆ ಮೇಲೂ ನೋಡುತ್ತದೆ, ಕೆಳಗೂ ಕೇಳುತ್ತದೆ. ಸಿಬ್ಬಂದಿ 120ರ ಆಸುಪಾಸು ಸಾಕು. ಕಸಾರ್‌ನ ಅರ್ಧ.

2024ರಲ್ಲಿ ಕೆಂಪು ಸಮುದ್ರ ಈ ಹಡಗಿನ ಬಗ್ಗೆ ಎಲ್ಲರ ಬಾಯಿ ಮುಚ್ಚಿಸಿತು. ಯೆಮೆನ್ ಕಡೆಯಿಂದ ಹೂತಿಗಳು ವ್ಯಾಪಾರಿ ಹಡಗುಗಳ ಮೇಲೆ ಡ್ರೋನ್, ಕ್ಷಿಪಣಿ ಬಿಡಲು ಶುರು ಮಾಡಿದ್ದರು. 2023ರ ಡಿಸೆಂಬರ್‌ನಲ್ಲೇ ಇನ್ನೊಂದು ಫ್ರೆಮ್, ಲಾಂಗ್ದೊಕ್, ಆಸ್ಟರ್ 15 ಬಿಟ್ಟು ಡ್ರೋನ್‌ಗಳನ್ನು ಕೆಡವಿತ್ತು. ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟದ ಆಸ್ಪಿಡೆಸ್ ಕಾರ್ಯಾಚರಣೆ ಶುರುವಾಯಿತು. ಮಾರ್ಚ್ 21ರಂದು ಅಲ್ಸಾಸ್, ತಾನು ಕಾಯುತ್ತಿದ್ದ ಹಡಗುಗಳ ಕಡೆ ಬರುತ್ತಿದ್ದ ಮೂರು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಆಸ್ಟರ್ 30ರಿಂದ ಹೊಡೆಯಿತು. ನೀರಿಗೆ ತಾಗಿ ಬರುವುದು ಒಂದು ಥರ, ಮೇಲಿನಿಂದ ಕಲ್ಲು ಬಿದ್ದ ಹಾಗೆ ಬರುವುದು ಇನ್ನೊಂದು ಥರ. ಫ್ರೆಂಚ್ ಹಡಗೊಂದು ನಿಜವಾದ ಕಾಳಗದಲ್ಲಿ ಎರಡನೆಯದನ್ನು ತಡೆದದ್ದು ಅದೇ ಮೊದಲು. ಅದೇ ವಾರ ಫ್ರೆಂಚ್ ಹೆಲಿಕಾಪ್ಟರ್ ಒಂದು ಡ್ರೋನಿನ ಪಕ್ಕಕ್ಕೇ ಹೋಗಿ ಮೆಷಿನ್ ಗನ್ನಿನಿಂದ ಅದನ್ನು ಉರುಳಿಸಿತು.

ಆ ಹೆಲಿಕಾಪ್ಟರಿನ ಕತೆಯೇ ನನಗೆ ಜಾಸ್ತಿ ಇಷ್ಟ. ಯಾಕೆಂದರೆ ಹೋಲಿಕೆಯ ಕೋಷ್ಟಕಗಳಲ್ಲಿ ಅದು ಬರುವುದೇ ಇಲ್ಲ. ಒಂದು ಆಸ್ಟರಿನ ಬೆಲೆಗೆ ಅಂಥ ಡ್ರೋನ್ ಎಷ್ಟೋ ಮಾಡಬಹುದು. ಗುಂಡಿ ಖಾಲಿಯಾದರೆ ಬಂದರಿಗೆ ಹೋಗಿ, ಕ್ರೇನ್ ಹಚ್ಚಿ ತುಂಬಿಸಬೇಕು. ಸೊಳ್ಳೆಗೆ ಬಂದೂಕು ಹಿಡಿದರೆ ಹುಲಿ ಬಂದಾಗ ಗುಂಡು ಇರುವುದಿಲ್ಲ. ಹಾಗಾಗಿ 32 ಅಥವಾ 48 ಅನ್ನುವ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬರೆದುಕೊಳ್ಳಿ. ಚಿಕ್ಕದಕ್ಕೆ ಚಿಕ್ಕ ಕೋಲು ಇದೆಯಾ? ತೋಪು, ಚಿಕ್ಕ ಕ್ಷಿಪಣಿ, ಶತ್ರುವಿನ ಸಂಕೇತ ಕೆಡಿಸುವ ಜಾಮರ್, ಹೆಲಿಕಾಪ್ಟರ್, ಇವೆಲ್ಲ ಆ ಕೋಲುಗಳು. ಈ ಲೆಕ್ಕದಲ್ಲಿ ಫೋರ್ಬ್ಯಾಂನ ಎರಡನೇ ತೋಪಿಗೆ ಮತ್ತೆ ಬೆಲೆ ಬರುತ್ತದೆ.

ರೊನಾರ್ಕ್: ಚಿಕ್ಕ ಮೈ, ದೊಡ್ಡ ಕಣ್ಣು

ಅಮಿರಾಲ್ ರೊನಾರ್ಕ್ 2022ರಲ್ಲಿ ನೀರಿಗಿಳಿದು 2025ರ ಅಕ್ಟೋಬರ್‌ನಲ್ಲಿ ನೌಕಾಪಡೆಗೆ ಸೇರಿತು. 122 ಮೀಟರ್, 4,500 ಟನ್. ಮುಂಭಾಗದ ಮೂತಿ ಮೇಲೆ ಹೋದಂತೆ ಮುಂದಕ್ಕಲ್ಲ, ಹಿಂದಕ್ಕೆ ಬಾಗಿದೆ, ನೂರು ವರ್ಷ ಹಿಂದಿನ ಯುದ್ಧನೌಕೆ ಥರ. ಕೆಲವರಿಗೆ ಇದು ಚಂದ ಕಾಣುವುದಿಲ್ಲ. ನನಗೂ ಅಷ್ಟೇ.

ಆದರೆ ಗೋಪುರ ನೋಡಿ. ಅದಕ್ಕೆ ಸೀ ಫೈರ್ ಎಂಬ ರಾಡಾರಿನ ನಾಲ್ಕು ಫಲಕ ಅಂಟಿಸಿದ್ದಾರೆ. ನಮ್ಮ ಕೋಲ್ಕತಾದ ಮುಖ್ಯ ರಾಡಾರಿನ ಹಾಗೆ ಇದೂ ತಿರುಗುವುದಿಲ್ಲ. ಫೋರ್ಬ್ಯಾಂ, ಅಲ್ಸಾಸ್ ಒಂದು ದಿಕ್ಕನ್ನು ಮತ್ತೆ ನೋಡಬೇಕಾದರೆ ರಾಡಾರ್ ಸುತ್ತು ಮುಗಿಸಿ ಬರಬೇಕು. ಇದು ಕಣ್ಣು ಮಿಟುಕಿಸುವುದೇ ಇಲ್ಲ. 37 ಸೆಕೆಂಡಿನ ಆಟದಲ್ಲಿ ಅದಕ್ಕೆ ಎಷ್ಟು ಬೆಲೆ ಅಂತ ನೀವೇ ಲೆಕ್ಕ ಹಾಕಿ.

ಗುಂಡಿಗಳ ವಿಷಯಕ್ಕೆ ಬಂದಾಗ ಮಾತ್ರ ಕೈ ಬಿಗಿ. ಮೊದಲ ಫ್ರೆಂಚ್ ಹಡಗಿಗೆ ಸಿಕ್ಕದ್ದು 16. ಅದೇ ಮಾದರಿಯ ಹಡಗುಗಳನ್ನು ಗ್ರೀಸ್ ಕೊಂಡಾಗ 32 ಹಾಕಿಸಿಕೊಂಡಿತು. ಗ್ರೀಕರಿಗೆ ಎದುರು ದಡ ಹತ್ತಿರ, ಆಕಾಶದ ಭಯ ಮೊದಲು. ಫ್ರೆಂಚರಿಗೆ ಇದು ಮುಖ್ಯವಾಗಿ ಬ್ರೆಸ್ಟ್ ಬಂದರಿನಿಂದ ಅಟ್ಲಾಂಟಿಕ್‌ಗೆ ಹೋಗಿ ಜಲಾಂತರ್ಗಾಮಿ ಹುಡುಕುವ ಹಡಗು, ಜೊತೆಗೆ ತನ್ನ ಮತ್ತು ಪಕ್ಕದವರ ತಲೆ ಕಾಯಬೇಕು. ನಕ್ಷೆ ಒಂದೇ ಇದ್ದರೂ ಮನೆಯ ಕತೆ ಬೇರೆ.

ಹಾಗಾದರೆ ಯಾವುದು?

ಯಾರನ್ನು ಕಾಯಬೇಕು ಅಂತ ಮೊದಲು ಹೇಳಿ. ಆಮೇಲೆ ಹಡಗು ತಾನಾಗಿ ಆರಿಸಿಕೊಳ್ಳುತ್ತದೆ.

ನಡುವೆ ವಿಮಾನವಾಹಕ ಇದೆ, ಸುತ್ತ ಐದಾರು ಹಡಗು, ಮೇಲೆ ಸ್ವಂತ ವಿಮಾನಗಳು. ಇಲ್ಲಿ ಫೋರ್ಬ್ಯಾಂ ಬಿಟ್ಟು ಬೇರೆಯದನ್ನು ನಾನು ಯೋಚಿಸುವುದೂ ಇಲ್ಲ. ದೂರದ ಚಿತ್ರ, ಅಧಿಕಾರಿಗಳ ದೊಡ್ಡ ತಂಡಕ್ಕೆ ಜಾಗ, 48 ಗುಂಡಿ, ಓಟ, ಎಲ್ಲ ಆ ಕೆಲಸಕ್ಕೇ ಹೊಲಿದ ಅಂಗಿ. ನೀರಿನ ಕೆಳಗಿನ ಚಿಂತೆಯನ್ನು ಜೊತೆಗಿರುವ ಫ್ರೆಮ್ ನೋಡಿಕೊಳ್ಳುತ್ತದೆ. 2015ರಲ್ಲಿ ಇರಾಕಿನ ಕಾರ್ಯಾಚರಣೆಗೆಂದು ಚಾರ್ಲ್ಸ್ ದ ಗಾಲ್ ಪರ್ಷಿಯನ್ ಕೊಲ್ಲಿಗೆ ಹೋದಾಗ ಪಕ್ಕದಲ್ಲಿ ಶೆವಾಲಿಯೆ ಪೋಲ್ ಇದ್ದದ್ದು ಸುಮ್ಮನೆ ಅಲ್ಲ.

ನಾಲ್ಕು ವ್ಯಾಪಾರಿ ಹಡಗು, ಇಕ್ಕಟ್ಟಿನ ಜಲಸಂಧಿ, ಕಾಯಲು ಒಂದೇ ಹಡಗು ಕಳಿಸಲು ಸಾಧ್ಯ. ಅಲ್ಸಾಸ್. ಒಬ್ಬನೇ ಹೋಗುವವನಿಗೆ ಎಲ್ಲ ಕೆಲಸವೂ ಬರಬೇಕು. ಕೆಂಪು ಸಮುದ್ರದಲ್ಲಿ ಅದು ಮಾಡಿ ತೋರಿಸಿದೆ.

ಹಣ ಕಡಿಮೆ, ನಾವಿಕರು ಕಡಿಮೆ, ಆದರೆ ಮುಂದಿನ ಮೂವತ್ತು ವರ್ಷ ಓಡಬೇಕು. ಗ್ರೀಕರ ಥರ 32 ಗುಂಡಿ ಹಾಕಿಸಿದ ರೊನಾರ್ಕ್ ತಮ್ಮನನ್ನು ತೆಗೆದುಕೊಳ್ಳಿ. 16ರದ್ದಾದರೆ ನಾನು ಇನ್ನೊಮ್ಮೆ ಯೋಚಿಸುತ್ತೇನೆ. ಒಳ್ಳೆ ಕಣ್ಣಿದ್ದು ಕೈಯಲ್ಲಿ ಕಲ್ಲು ಕಡಿಮೆ ಇದ್ದರೆ ಆಗುವ ಸಂಕಟ ದೊಡ್ಡದು.

ಒಂದು ವಿಷಯ ಬಾಕಿ ಇದೆ. ಫೋರ್ಬ್ಯಾಂ ಹಳೆಯದಾಯಿತಲ್ಲ ಅಂತ ನೀವು ಕೇಳಬಹುದು. ಹೌದು, ಅದಕ್ಕೇ 2023ರ ಜುಲೈನಲ್ಲಿ ಫ್ರಾನ್ಸ್ ಮತ್ತು ಇಟಲಿಯ ನಾಲ್ಕೂ ಹೊರೈಜನ್‌ಗಳನ್ನು ಹೊಸದು ಮಾಡಲು ಸುಮಾರು 150 ಕೋಟಿ ಯೂರೋ ಒಪ್ಪಂದ ಆಯಿತು. ಎರಡೂ ರಾಡಾರ್ ಬದಲು, ಬ್ಯಾಲಿಸ್ಟಿಕ್ ಕ್ಷಿಪಣಿ ಹೊಡೆಯಲು ಇನ್ನೂ ಪಳಗಿದ ಹೊಸ ಆಸ್ಟರ್. ಕೆಲಸ 2030ರ ತನಕ ನಡೆಯುತ್ತದೆ. ಆ ಹೊತ್ತಿನಲ್ಲಿ ಎರಡರಲ್ಲಿ ಒಂದು ಹಡಗು ತುಲೋಂನಲ್ಲಿ ಕಟ್ಟಿಹಾಕಿಕೊಂಡು ಕೂತಿರುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ.

ಫೋಟೋದಲ್ಲಿ ಗುರುತಿಸುವುದು ಸುಲಭ. ಮುಂದಿನ ಗೋಪುರಕ್ಕೆ ಚೆಂಡು, ಹಿಂದೆ ಕಪ್ಪು ಹಲಗೆ ಇದ್ದರೆ ಹೊರೈಜನ್. ತೋಪು ಎಣಿಸಿ, ಎರಡಿದ್ದರೆ ಫ್ರೆಂಚ್, ಮೂರಿದ್ದರೆ ಇಟಲಿ. ಹಲಗೆ ಇಲ್ಲದೆ ಒಂದೇ ಗೋಪುರದ ತುದಿಗೆ ಟೋಪಿ ಇದ್ದರೆ ಫ್ರೆಮ್. ಮೂತಿ ಮೇಲೆ ಹೋದಂತೆ ಹಿಂದಕ್ಕೆ ಬಾಗಿದ್ದರೆ ರೊನಾರ್ಕ್.

ಹೆಸರುಗಳ ಬಗ್ಗೆಯೂ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಶೆವಾಲಿಯೆ ಪೋಲ್ ಅನ್ನುವವನು ದೋಣಿಯಲ್ಲೇ ಹುಟ್ಟಿದ, ತಾಯಿ ಬಟ್ಟೆ ಒಗೆಯುವವಳು ಅಂತ ಪ್ರತೀತಿ. ಫೋರ್ಬ್ಯಾಂ ಮತ್ತು ಜಾಂ ಬಾರ್ 1689ರಲ್ಲಿ ಒಟ್ಟಿಗೆ ಇಂಗ್ಲಿಷರ ಸೆರೆ ಸಿಕ್ಕು, ಪ್ಲಿಮತ್‌ನಿಂದ ತಪ್ಪಿಸಿಕೊಂಡು, ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕುತ್ತಾ ಕಡಲು ದಾಟಿ ಫ್ರಾನ್ಸ್ ಸೇರಿದವರು. 2011ರಲ್ಲಿ ಲಿಬಿಯಾದ ಮುಂದೆ ಆ ಎರಡೂ ಹೆಸರಿನ ಹಡಗುಗಳು ಮತ್ತೆ ಜೊತೆಗಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಯಾವುದನ್ನು ಆರಿಸಿದ ಅಂತೀರಾ? ಕಸಾರ್. ಯಾಕೋ ಅಂದೆ. "ಬೇರೆ ಎಲ್ಲದರಲ್ಲೂ ಬರೀ ಗುಂಡಿ ಮಾಮಾ. ಇದ್ರಲ್ಲಿ ತೋಳು ತಿರುಗತ್ತೆ." ಹಳೇ ಪೆನ್ನಿನ ಸ್ಪ್ರಿಂಗು, ಐಸ್‌ಕ್ರೀಮ್ ಕಡ್ಡಿ, ಬೆಂಕಿಕಡ್ಡಿಯ ಕ್ಷಿಪಣಿ. ತೋಳು ನಿಜವಾಗಿಯೂ ಮೇಲೆದ್ದು ನಿಲ್ಲುತ್ತದೆ. ಸಲ್ಪ ಎಡಕ್ಕೆ ವಾಲುತ್ತದೆ, ಅಷ್ಟೇ.